ನಿನ್ನ ನಾಯಿ ಇವತ್ತು ಓಡಲಿಲ್ಲ

ಪುಟ್ಟಿ,

ನಿನ್ನ ವಿಳಾಸ ನಿಮ್ಮಮ್ಮನ ಹತ್ತಿರ ಇದೆ, ನಾನು ಕೇಳಿಲ್ಲ.

ನಿನ್ನ ನಾಯಿ ಇವತ್ತು ಮಂಚದಡಿಗೆ ಓಡಲಿಲ್ಲ. ಬಲ್ಬು ಬದಲಿಸಲು ನಾನು ಕೈ ಎತ್ತಿದರೆ, ಕೂತಲ್ಲೇ ಬಾಲ ಆಡಿಸಿತು.

ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು. ನಾಯಿ ಪಳಗಿಸುವ ಹುಡುಗಿ ಹೇಳಿದ್ದಳು, "ಗದರಬೇಡಿ ಮೇಷ್ಟ್ರೇ. ಕೈ ಸ್ವಲ್ಪ ಎತ್ತಿ, ಬಿಸ್ಕತ್ತು ಕೊಡಿ. ನಾಳೆ ಇನ್ನೂ ಸ್ವಲ್ಪ ಎತ್ತಿ." ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಡಿಸಿದವನಿಗೆ ಈಗ ನಾಯಿಯ ಮುಂದೆ ಡ್ರಿಲ್! ಭುಜ ಹಿಡಿದುಕೊಂಡಿದೆ, ಸಾಕಾಗಿದೆ.

ಆದರೂ ಬಲ್ಬು ಹಾಕಿದ ಮೇಲೆ ಸುಮ್ಮನೆ ಇನ್ನೊಮ್ಮೆ ಕೈ ಎತ್ತಿ ನೋಡಿದೆ. ಮತ್ತೆ ಬಾಲ ಆಡಿಸಿತು.

ನೀನು ಮನೆ ಬಿಟ್ಟ ದಿನ, ಅಟ್ಟದಿಂದ ನಿನ್ನ ಪೆಟ್ಟಿಗೆ ಇಳಿಸಿಕೊಡೋಣವೆಂದೇ ಕೈ ಎತ್ತಿದ್ದೆ. ನೀನು ಮುಖ ಮುಚ್ಚಿಕೊಂಡೆ.