ಹೆಚ್ಚುವರಿ ಪ್ರಭಾರದಲ್ಲಿರುವ ಸಂವಿಧಾನ

ಬಂಧನಾಧಿಕಾರಿಗಳೂ, ಬಂಧನ ಪರಿಶೀಲನಾ ಮಂಡಳಿಯ ಪ್ರಭಾರ ಅಧ್ಯಕ್ಷರೂ, ದೂರು ಪ್ರಾಧಿಕಾರದ ಪ್ರಭಾರ ಮುಖ್ಯಸ್ಥರೂ ಆದ ಮಾನ್ಯರೇ,

ಮೂವರಿಗೆ ಬರೆಯುತ್ತಿದ್ದೇನೆಂದು ಓದುಗರು ಭಾವಿಸಬಾರದು, ಮೂವರೂ ನೀವೊಬ್ಬರೇ. ನನ್ನ ತಮ್ಮನನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದವರು ನೀವು. ಅದು ಸರಿಯೇ ಎಂದು ನೋಡಬೇಕಾದವರು ನೀವು. ನೋಡಲಿಲ್ಲವೆಂದು ನಾನು ದೂರು ಕೊಟ್ಟದ್ದೂ ನಿಮಗೇ. ಕಳೆದ ವಾರ ಅವನು ನಿಮ್ಮ ವಶದಲ್ಲೇ ಸತ್ತ. ಸಾವಿನ ತನಿಖೆಯನ್ನು ಯಾರಿಗೆ ವಹಿಸಿದ್ದಾರೆಂದು ಬೇರೆ ಹೇಳಬೇಕೆ? ಅದು ಮುಗಿಯುವವರೆಗೆ ಶವವೂ ನಿಮ್ಮಲ್ಲೇ ಇರುತ್ತದಂತೆ.

ಅವನ ಅಪರಾಧವನ್ನು ನೆನಪಿಸುತ್ತೇನೆ. ಸಹಿ ಹಾಕುವ ಭರದಲ್ಲಿ ನೀವು ಓದಿರಲಾರಿರಿ. ಅವನು ಶಾಲೆಯಲ್ಲಿ ಪೌರನೀತಿ ಕಲಿಸುತ್ತಿದ್ದ. ಸಂವಿಧಾನ ಎಂದರೇನೆಂದು ವಿವರಿಸಲು ಕಪ್ಪುಹಲಗೆಯ ಮೇಲೆ ಫ್ಲಶ್ ಟ್ಯಾಂಕಿನ ಚಿತ್ರ ಬರೆದ. "ನೋಡ್ರಪ್ಪಾ, ನೀರು ಏರಿದ ಹಾಗೆ ಈ ಚೆಂಡೂ ಏರುತ್ತೆ. ಮಟ್ಟಕ್ಕೆ ಬಂದಾಗ ಅದೇ ನಲ್ಲಿ ಮುಚ್ಚುತ್ತೆ. ಯಾರೂ ಕಾವಲು ಕೂರಬೇಕಿಲ್ಲ. ಅಧಿಕಾರಕ್ಕೂ ಇಂಥದ್ದೇ ಒಂದು ಚೆಂಡು ಬೇಕು," ಎಂದ. ಒಬ್ಬಳು ಹುಡುಗಿ ಕೇಳಿದಳು: "ಸರ್, ಆ ಚೆಂಡು ಮೇಲೇಳದ ಹಾಗೆ ಯಾರಾದ್ರೂ ಕಟ್ಟಿಹಾಕಿದ್ರೆ?" "ನೀರು ಉಕ್ಕುತ್ತಮ್ಮ. ಕಟ್ಟಿದವರು ಕಚೇರೀಲಿರ್ತಾರೆ, ನೆಲ ಒರೆಸೋರು ನಾವು." ಮಕ್ಕಳು ನಕ್ಕರು. ಆ ನಗೆಯಿಂದ ಸಾರ್ವಜನಿಕ ಶಾಂತಿಗೆ ಭಂಗವಾಯಿತೆಂದು ನಿಮ್ಮ ಆದೇಶ ಹೇಳುತ್ತದೆ.

ನಿಮ್ಮ ವಾದ ಗೊತ್ತು. ಹುದ್ದೆಗಳು ಖಾಲಿಯಿದ್ದವು, ಯಾರಾದರೂ ಹೊರಬೇಕಿತ್ತು, ಸಂವಿಧಾನದ ಒಂದಕ್ಷರವನ್ನೂ ನೀವು ಅಳಿಸಿಲ್ಲ. ನಿಜ. ಅಷ್ಟೆಲ್ಲ ಶ್ರಮ ಯಾಕೆ? ತಮ್ಮನ್ನು ತಡೆಯಬೇಕಾದ ಕುರ್ಚಿಗಳಲ್ಲೆಲ್ಲ ತಾವೇ ಕುಳಿತರೆ ಸಾಕಲ್ಲ! ನಿಮ್ಮ ಮಂಡಳಿ ಸಭೆ ಸೇರಿತಂತೆ, ದೀರ್ಘವಾಗಿ ಚರ್ಚಿಸಿತಂತೆ, ಬಂಧನವನ್ನು 'ಸರ್ವಾನುಮತದಿಂದ' ಮುಂದುವರಿಸಿತಂತೆ. ಆ ಸಭೆಯಲ್ಲಿ ಯಾರು ಯಾರಿಗೆ ಚಹಾ ಬಗ್ಗಿಸಿಕೊಟ್ಟರು? ನಿಮಗೆ ಎದುರು ಕುಳಿತು 'ಆಗುವುದಿಲ್ಲ' ಎಂದ ಮನುಷ್ಯನನ್ನು ನೀವು ಕೊನೆಯ ಬಾರಿ ಕಂಡದ್ದು ಯಾವಾಗ? ನಿಮ್ಮನ್ನು ನಾನು ದ್ವೇಷಿಸುತ್ತೇನೆ. ಅದನ್ನು ಸಭ್ಯ ಭಾಷೆಯಲ್ಲಿ ಹೇಳಲು ಯತ್ನಿಸಿ ಸೋತಿದ್ದೇನೆ.

ಪರಿಹಾರ ಬೇಡ, ಕ್ಷಮೆಯೂ ಬೇಡ. ಅವನು ಸತ್ತದ್ದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ನಿನ್ನೆಯೂ ಕೇಳಿದಳು: "ಆ ಸಾಹೇಬ್ರು ಒಳ್ಳೆಯವರಂತೆ ಕಣೇ. ಅವನಿಗೆ ಹೊದೆಯೋಕೆ ಏನಾದ್ರೂ ಕೊಟ್ಟಿದಾರಂತಾ?" ನನ್ನ ಬೇಡಿಕೆ ಒಂದೇ. ನಮ್ಮ ಮನೆಯಲ್ಲಿ ಮಗನ ಹುದ್ದೆ ಖಾಲಿಯಾಗಿದೆ, ಅದರ ಪ್ರಭಾರವನ್ನೂ ವಹಿಸಿಕೊಳ್ಳಿ. ಬಂದು ಬಾಗಿಲು ತಟ್ಟಿ, "ಅಮ್ಮಾ, ನಾನು ಬಂದೆ" ಎನ್ನಿ. ಅವಳಿಗೆ ಕಣ್ಣು ಮಂಜು. ಹತ್ತಿರ ಬಂದು ಮುಖ ಸವರಿ ನೋಡುತ್ತಾಳೆ. ಇದು ತನ್ನ ಮಗನ ಮುಖವಲ್ಲ ಎಂದು ಆ ಕೈಗೆ ಗೊತ್ತಾಗುವವರೆಗೆ ಅಲ್ಲಾಡದೆ ನಿಲ್ಲಿ.

ಇಂತಿ,
ಅಕ್ಕ ಎಂಬ ಇದ್ದೊಂದು ಹುದ್ದೆಯನ್ನೂ ಕಳೆದುಕೊಂಡವಳು