ಉಡಿ ತುಂಬಿದ ಮೇಲೆ

ನವಲಗುಂದ
೧೮ ಜನವರಿ ೨೦೨೬

ಪ್ರೀತಿಯ ಅವ್ವನಿಗೆ,

ನಿನ್ನ ಶೈಲಾಳ ನಮಸ್ಕಾರಗಳು. ಮಂಡಿನೋವು ಹೇಗಿದೆ? ಸಂಕ್ರಮಣಕ್ಕೆ ಬರುತ್ತೇನೆಂದು ಹೇಳಿ ಬರಲಿಲ್ಲ, ಬೈದುಕೋ. ಫೋನಾದರೂ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀ, ನಾನು ವಕೀಲಳಾಗಿಬಿಡುತ್ತೇನೆ. ಅದಕ್ಕೇ ಈ ಪತ್ರ. ಬಾಜೂಮನೆಯ ರಜಿಯಾಬಿ ಚಿಗವ್ವನಿಂದ ಓದಿಸಿಕೋ. ಅವರು ಕನ್ನಡಕ ಹುಡುಕುವಷ್ಟರಲ್ಲಿ ನಿನಗೊಂದು ಚಹಾ ಆದರೂ ಸಿಗುತ್ತದೆ.

ಇಲ್ಲಿ ಬೆಳಗಿನ ಮಂಜಿಗೆ ಕೋರ್ಟಿನ ಕಂಪೌಂಡೇ ಕಾಣುವುದಿಲ್ಲ. ಅದರೊಳಗಿಂದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬರುತ್ತಾರೆ. ಸೆರಗು ಹೊದ್ದ ಪ್ರತಿಯೊಬ್ಬಳೂ ದೂರದಿಂದ ನೀನೇ ಅನ್ನಿಸುತ್ತಾಳೆ. ಮೊನ್ನೆ ಕನಸಿಗೂ ನೀನು ಬಂದಿದ್ದೆ. ತಿರ್ಲಾಪುರದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆ; ಬಿಡಿಸಿದಷ್ಟೂ ಹೊಲ ಬೆಳ್ಳಗಾಗುತ್ತಲೇ ಇತ್ತು. ನಾನು ಬದುವಿನ ಮೇಲೆ ಕುಳಿತು ನಿನ್ನ ಹಾಡು ಕೇಳುತ್ತಿದ್ದೆ. ಎಚ್ಚರವಾದ ಮೇಲೂ ಎಷ್ಟೋ ಹೊತ್ತು ನನಗೆಷ್ಟು ವಯಸ್ಸೆಂದು ತಿಳಿಯಲಿಲ್ಲ.

ಐಶ್ವರ್ಯ ನಿನ್ನನ್ನು ಕೇಳುತ್ತಿದ್ದಳು. ನಿನ್ನ ಒಡಹುಟ್ಟಿದ ಈರಪ್ಪಮಾವನ ಮಗಳಾದ ಅವಳ ಪರವಾಗಿ, ಅವಳ ಅಣ್ಣ ಕಾಶಿನಾಥನ ಮೇಲೆ ನಾನು ದಾವೆ ನಡೆಸುವುದು ನಿನಗೆ ಸರಿಬಂದಿಲ್ಲ. "ನಿಮ್ಮಪ್ಪ ಹೊರಗ ಹಾಕಿದಾಗ ನಮಗ ನೆರಳ ಕೊಟ್ಟ ಮನಿ ಅದು. ನಾ ಸಾಕ್ಷಿ ಹೇಳಾಕ ಬರಂಗಿಲ್ಲ," ಅಂದೆ ನೀನು. ನೆರಳು ಕೊಟ್ಟರು, ನಿಜ. ದನದ ಕೊಟ್ಟಿಗೆಯ ಬಾಜೂಕ್ಕೆ ಕೊಟ್ಟರು. ಎಮ್ಮೆಯ ಉಸಿರು ಕೇಳುತ್ತ ನಾನು ಅಲ್ಲೇ ಅಕ್ಷರ ಕಲಿತೆ. ಮಾವ ಶಾಲೆ ಬಿಡಿಸಿ ಕೈಗೆ ಕುರ್ಚಿಗಿ ಕೊಟ್ಟು ಕಳೆ ತೆಗೆಯಲು ಹಚ್ಚಿದಾಗ ಚಿಗವ್ವ ಕಟ್ಟೆಯ ಮೇಲೆ ನಿಂತು, "ಕೂಸಿನ ಕೈಯಾಗ ಕುರ್ಚಿಗಿ ಯಾಕ್ರಿ? ಪಾಟಿ ಕೊಡ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಒದರಿದ್ದು ನೆನಪಿದೆಯಾ? ಆ ಬಾಯಿಯೇ ನನ್ನನ್ನು ವಕೀಲಳನ್ನಾಗಿ ಮಾಡಿತು.

ಐಶ್ವರ್ಯ ತವರಿಗೆ ಬಂದಿದ್ದ ಆ ಪಂಚಮಿ ಹಬ್ಬದ ದಿನ ಅವಳ ಪಕ್ಕ ಕುಳಿತಿದ್ದವಳು ನೀನೊಬ್ಬಳೇ. ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಹಾಕಿ ಅವಳ ಉಡಿ ತುಂಬಿದರು. ಸೆರಗನ್ನು ಇನ್ನೂ ಹಿಡಿದಿದ್ದಾಗಲೇ ಕಾಶಿನಾಥ ಕಾಗದ ತಂದು, "ಇಲ್ಲೊಂದು ಸಹಿ ಹಾಕವಾ, ಬ್ಯಾಂಕಿನ ಕೆಲಸಕ್ಕ ಬೇಕು," ಅಂದ. ತುಂಬಿದ ಉಡಿ ಹಿಡಿದು ಬೇಡ ಅನ್ನಬಾರದು, ಎದ್ದು ಹೋಗಬಾರದು ಅಂತ ಹೆಣ್ಣುಮಕ್ಕಳಿಗೆ ಸಣ್ಣವರಿದ್ದಾಗಲೇ ಕಲಿಸಿರುತ್ತೇವಲ್ಲ. ಅವಳು ಓದದೇ ಸಹಿ ಹಾಕಿದಳು; ಈಗ ಅವನು ಆ ಕಾಗದ ತೋರಿಸಿ, ತಂಗಿ ಖುಷಿಯಿಂದ ಹೊಲದ ಪಾಲು ಬಿಟ್ಟಳು ಅನ್ನುತ್ತಿದ್ದಾನೆ. ನಿನ್ನ ಹೆಬ್ಬೆಟ್ಟನ್ನೂ ಮಾವ ಹಾಗೆಯೇ ಒತ್ತಿಸಿಕೊಂಡಿದ್ದ. ನೀನೇ ಅದನ್ನು ನಗುತ್ತ ಹೇಳಿದ್ದೆ. ನನಗೆ ನಗು ಬರಲಿಲ್ಲ.

ಕಂಡದ್ದನ್ನು ನೀನು ಹೇಳದಿದ್ದರೆ ಅವಳ ದಾವೆ ಬಿದ್ದುಹೋಗುತ್ತದೆ. ಹೇಳಿದರೆ ಆ ಮನೆಯ ಬಾಗಿಲು ನಿನಗೆ ಮುಚ್ಚಬಹುದು, ಅದೂ ನನಗೆ ಗೊತ್ತು. ಇಲ್ಲಿ ಮೂಡಲ ದಿಕ್ಕಿನ ಕೋಣೆ ನಿನ್ನದು. ಬಿಸಿಲು ಹಾಸಿಗೆಯ ತನಕ ಬರುತ್ತದೆ, ಮಂಡಿಗೆ ಒಳ್ಳೆಯದು. ಗುರುವಾರ ಕೋರ್ಟಿನಲ್ಲಿ ಸಾಕ್ಷಿಯಿದೆ, ಬೆಳಗ್ಗೆ ಚಿಗವ್ವನ ಬಾಗಿಲಿಗೆ ಗಾಡಿ ಕಳಿಸುತ್ತೇನೆ. ಹತ್ತುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಆಶೀರ್ವಾದ ನನಗಿರಲಿ. ನನ್ನದೂ ನಿನಗಿರಲಿ ಅಂದರೆ ನಗುತ್ತೀ, ಆದರೂ ಇರಲಿ. ತಣ್ಣಗಿರು, ಅವ್ವಾ.

ನಿನ್ನ ಮಗಳು
ಶೈಲಾ

ಇನ್ನೊಂದು ಮಾತು. ಚಿಗವ್ವಾ, ಇದನ್ನು ಮೆಲ್ಲಗೆ ಓದ್ರಿ.

ಅವ್ವಾ, ಸಣ್ಣವಳಿದ್ದಾಗ ಹಸಿವು ತಾಳದೆ ತಿರ್ಲಾಪುರದ ಆ ಹೊಲದಲ್ಲಿ ಒಂದು ಹಸಿ ಕಡಲೆ ಗಿಡ ಕಿತ್ತೆ. ಮಾವ ಕೆನ್ನೆಗೆ ಬಾರಿಸಿದ. ನೀನು ಓಡಿ ಬಂದೆ. ನನ್ನನ್ನು ಎತ್ತಿಕೊಳ್ಳುತ್ತೀ ಅಂದುಕೊಂಡೆ. ನೀನು ಗಿಡ ಕಸಿದು ಅವನ ಕಾಲ ಬಳಿ ಇಟ್ಟು, "ಶೈಲಾ, ಇದು ನಮ್ಮ ಹೊಲಾ ಅಲ್ಲ," ಅಂದೆ. ನಿನ್ನಪ್ಪನ ಹೊಲ ಅವ್ವಾ ಅದು. ಆ ಏಟು ಎಂದೋ ಮರೆತೆ, ಮಾತು ಇನ್ನೂ ನೋಯುತ್ತದೆ. ಇಷ್ಟು ಓದಿದ್ದು, ಊರ ಹೆಣ್ಣುಮಕ್ಕಳಿಗಾಗಿ ಬಡಿದಾಡಿದ್ದು, ಎಲ್ಲ ಆ ಮಾತನ್ನು ನೀನೇ ಒಮ್ಮೆ ಅಳಿಸಲಿ ಅಂತ. ದಾವೆ ಸೋತರೂ ಸೋಲಲಿ. ಗುರುವಾರ ಕೋರ್ಟಿನಲ್ಲಿ ಆ ಹೊಲ ಯಾರದು ಅಂತ ಕೇಳಿದರೆ, ತಲೆ ಎತ್ತಿ, "ನಂದೂ ಐತ್ರಿ," ಅಂದುಬಿಡು.