ಬೀರವ್ವನ ಕುರಿಗಳು ಗೋಡೆಯ ಆಚೆಗಿದ್ದವು

ತುಂಗಭದ್ರೆಯ ದಂಡೆ,
ವೈಶಾಖದ ನಲವತ್ತೊಂದನೆಯ ದಿನ, ೨೨೩೮

ಹಿರಿಯರೇ,

ನಿಮ್ಮ ವೈಶಾಖಕ್ಕೆ ಇಷ್ಟು ದಿನಗಳಿರಲಿಲ್ಲವೆಂದು ಬಲ್ಲೆ. ಬಿಸಿಲುಗಾಲ ಬೆಳೆದಂತೆ ನಾವು ತಿಂಗಳನ್ನೂ ಬೆಳೆಸಿಕೊಂಡೆವು. ನನ್ನ ಮಾತಿನಲ್ಲಿ ನಿಮಗೆ ಅಪರಿಚಿತ ಪದಗಳು ಬಂದರೆ ಮನ್ನಿಸಿ. ತಿದ್ದಿ ಬರೆಯುವ ತಾಳ್ಮೆ ಇಲ್ಲ.

ನಾನು ಗಂಗಮಾಳಮ್ಮ, ಇಲ್ಲಿನ ಉಸಿರುಮನೆಯಲ್ಲಿ ದಾದಿ. ಉಸಿರುಮನೆಯೆಂದರೆ ಉಸಿರಾಡುವ ಎಲ್ಲ ಜೀವಕ್ಕೂ ಮದ್ದು ಕೊಡುವ ಆಸ್ಪತ್ರೆ. ಒಂದು ಕಡೆ ಜನರ ವಾರ್ಡು, ಅಂಗಳದಾಚೆ ದನಕರುಗಳ ಕೊಟ್ಟಿಗೆ. ಗಾಯ ತೊಳೆಯುವುದನ್ನು ನಾನು ಮೊದಲು ಕಲಿತದ್ದು ಎತ್ತಿನ ಹೆಗಲ ಮೇಲೆ. ಮಧ್ಯಾಹ್ನ ರೊಟ್ಟಿ ತಿನ್ನುವಾಗ ಜನರ ಡಾಕ್ಟರು, ದನದ ಡಾಕ್ಟರು, ನಾವು ದಾದಿಯರು ಒಂದೇ ಕಟ್ಟೆಯ ಮೇಲೆ ಕೂತು, ಯಾರಿಗೆ ಏನಾಗಿದೆಯೆಂದು ಹೇಳಿಕೊಳ್ಳುತ್ತಿದ್ದೆವು. ಕಳೆದ ವರ್ಷ ಊರ ಸಭೆಗೆ ಇದು ನಾಚಿಕೆಯೆನಿಸಿತು. ಅಂಗಳದ ನಡುವೆ ಆಳೆತ್ತರದ ಗೋಡೆ ಎದ್ದಿತು. ಬಾಗಿಲು ಬೇರೆಯಾಯಿತು, ಊಟವೂ ಬೇರೆಯಾಯಿತು.

ಈ ತಿಂಗಳು ಬೀರವ್ವ ಬಂದಳು. ಕುರಿ ಕಾಯುವವಳು, ತುಂಬು ಬಸುರಿ. ಜ್ವರ ಇಳಿಯುವುದು, ಮತ್ತೆ ಏರುವುದು, ಬೆವರಿಗೆ ಹಾಸಿಗೆ ತೊಯ್ಯುವುದು. ನಮ್ಮ ಡಾಕ್ಟರ್ ಶಶಿರೇಖಾ ಸೊಳ್ಳೆಜ್ವರವೆಂದು ಮದ್ದು ಕೊಟ್ಟರು. ನಾಟಲಿಲ್ಲ. ಒಂದು ಬೆಳಿಗ್ಗೆ ಅವಳ ಮೈ ಒರೆಸುತ್ತಿದ್ದಾಗ ನನ್ನ ಕೈ ಹಿಡಿದಳು.

"ಯಕ್ಕಾ, ನನ್ನ ಕುರಿ ಹೆಂಗದಾವ?"

"ಯಾವ ಕುರಿ, ಬೀರವ್ವ?"

"ಗ್ವಾಡಿ ಆಚಿಗೆ ಬಿಟ್ಟು ಬಂದೀನಲ್ಲ. ಮರಿ ಸತ್ತು ಸತ್ತು ಹುಟ್ಟಾಕತ್ತಿದ್ವು. ಬರಿಗೈಲೆ ನಾನ ಎಳದು ತಗದೆ."

ಒರೆಸುವ ಬಟ್ಟೆ ಅಲ್ಲೇ ಬಿಟ್ಟೆ. ಬೀದಿಗಿಳಿದು, ಗೋಡೆ ಸುತ್ತಿ ಆ ಬಾಗಿಲಿಗೆ ಓಡಿದೆ. ದನದ ಡಾಕ್ಟರ್ ಖಾಸಿಂಸಾಬರು ಕೈ ತೊಳೆಯುತ್ತಿದ್ದರು. ಸತ್ತು ಹುಟ್ಟಿದ ಮರಿಗಳ ಮಾತೆತ್ತಿದೆ.

"ಅದು ಕಂದು ಹಾಕೋ ರೋಗ, ಗಂಗಮ್ಮ. ಮರಿ ಹೊಟ್ಟ್ಯಾಗ ಸಾಯ್ತಾವ, ಮುಟ್ಟಿದ ಮನಷ್ಯಾರಿಗೂ ಹತ್ತತೈತಿ. ವಾರದಿಂದ ಕುರಿ ಒಡತಿನ್ನ ಹುಡುಕಾಕತ್ತೀನಿ, ಎಲ್ಲಿ ಹೋಗ್ಯಾಳೋ!"

"ನಮ್ಮ ಕಡೆ ಮಲಗ್ಯಾಳ್ರಿ ಸಾಹೇಬ್ರ. ಬಸರಿ ಅದಾಳ."

ಚೊಂಬು ಕೆಳಗಿಟ್ಟು ಅವರು ಗೋಡೆಯತ್ತ ತಿರುಗಿದರು. ಕೂಗಿ ಕರೆದಿದ್ದರೆ ಅವಳಿಗೆ ಕೇಳಿಸುವಷ್ಟು ಹತ್ತಿರ ಅವರು ನಿಂತಿದ್ದರು.

ಇಬ್ಬರು ಡಾಕ್ಟರೂ ಕೂಡಿ ಅಂದೇ ಮದ್ದು ಬದಲಿಸಿದರು. ಜ್ವರ ಇಳಿಯಿತು, ಬೀರವ್ವ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣುಕೂಸು, ತಲೆತುಂಬ ಕೂದಲು. ಬಟ್ಟೆಯಲ್ಲಿ ಸುತ್ತಿ ತಾಯಿಯ ಮಡಿಲಿಗಿಟ್ಟವಳು ನಾನೇ. ಬೀರವ್ವ ಅಳಲಿಲ್ಲ. ಕೂಸಿನ ಕೂದಲು ನೇವರಿಸುತ್ತ ಹೇಳಿದಳು:

"ಬಂದ ದಿನಾನ ನಿಮ್ಮ ಬಾಗಲದಾಗ ಹೇಳಾಕ ಹ್ವಾದೆ, ಯಕ್ಕಾ. 'ಕುರಿ ಮಾತು ಆ ಬಾಗಲದಾಗ ಹೇಳು' ಅಂದ್ರು."

ಶಶಿರೇಖಾ ಅಲ್ಲೇ ನಿಂತಿದ್ದರು. ಹೊರಗೆ ಹೋಗಿ, ತೋಟದವನ ಹಾರೆ ತೆಗೆದುಕೊಂಡು ಗೋಡೆಗೆ ಮೊದಲ ಏಟು ಹಾಕಿದರು. ಆಮೇಲೆ ಸಭೆಯವರೂ ಬಂದರು. ಯಾರೂ ತಡೆಯಲಿಲ್ಲ.

ನಿಮ್ಮ ಕಾಲದಲ್ಲಿ ಜನರ ಆಸ್ಪತ್ರೆ ಒಂದು ಬೀದಿಯಲ್ಲಿ, ದನದ ಆಸ್ಪತ್ರೆ ಇನ್ನೊಂದರಲ್ಲಿ ಇರುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು. ಕಟ್ಟುಕತೆಯೆಂದು ನಗುತ್ತಿದ್ದೆ. ಈಗ ನಿಮ್ಮಲ್ಲಿ ಇಂಥ ಎಷ್ಟು ಕೂಸುಗಳು ಹೋಗಿರಬಹುದೆಂದು ಎಣಿಸುತ್ತೇನೆ.

ನಮಗೆ ಕೆಡವಲು ಒಂದೇ ಗೋಡೆಯಿತ್ತು. ನಿಮ್ಮದನ್ನು ಕೆಡವಲು ಇಲ್ಲಿಂದ ನನ್ನ ಕೈ ನಿಲುಕದು. ಇಷ್ಟು ಮಾಡಿ: ಜ್ವರದವರ ನಾಡಿ ಹಿಡಿದಾಗ, ಅವರ ಹಟ್ಟಿಯಲ್ಲಿ ಇನ್ಯಾವ ಜೀವ ನರಳುತ್ತಿದೆಯೆಂದು ಕೇಳಿ. ಉತ್ತರ ಕೇಳಿಸಿಕೊಂಡು, ಆಚೆ ಬೀದಿಯವರಿಗೆ ನೀವೇ ಹೋಗಿ ಹೇಳಿ.

ಬೀರವ್ವನಿಗೆ ಎದೆಹಾಲು ಕಟ್ಟಿಕೊಂಡು ನೋಯುತ್ತಿದೆ, ಕರೆಯುತ್ತಿದ್ದಾಳೆ. ಹೋಗಿಬರುತ್ತೇನೆ.

ನಿಮ್ಮ ಮರಿಮಕ್ಕಳ ಮರಿಮಗಳು,
ಗಂಗಮಾಳಮ್ಮ